ಮಾತಿಗೆ ಮೂರು ಭಾಷೆ, ಓದಿಗೆ ಎಷ್ಟು?

ಕನ್ನಡ ಸಿನಿಮಾ ಮೊದಲು ಬಾಯಿ ಬಿಟ್ಟದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲೂ ಅಲ್ಲ. ಅದು ಕೊಲ್ಲಾಪುರದಲ್ಲಿ. ‘ಸತಿ ಸುಲೋಚನ’ ಚಿತ್ರೀಕರಣವಾದದ್ದು ಅಲ್ಲಿನ ಛತ್ರಪತಿ ಸ್ಟುಡಿಯೋದಲ್ಲಿ. ಬೆಂಗಳೂರಿನಲ್ಲಿ ತೆರೆ ಕಂಡದ್ದು 1934ರ ಮಾರ್ಚ್ 3ರಂದು. ಹಣ ಹಾಕಿದ ಚಮನ್‌ಲಾಲ್ ಡುಂಗಾಜಿ ಮಾರವಾಡಿ ವ್ಯಾಪಾರಿ. ನಿರ್ದೇಶಿಸಿದ ವೈ.ವಿ. ರಾವ್ ತೆಲುಗು ಮನೆಯವರು. ಅಭಿನಯಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್ ಕನ್ನಡ ರಂಗಭೂಮಿಯವರು. ಸ್ಟುಡಿಯೋ ಇದ್ದ ಊರಿನ ಮಾತು ಮರಾಠಿ. ಇಷ್ಟು ಭಾಷೆಯ ಮಂದಿ ಒಂದು ಅಂಗಳದಲ್ಲಿ ಸೇರಿ, ಸುಮಾರು ಎರಡು ತಿಂಗಳಲ್ಲಿ ಒಂದು ಕನ್ನಡ ಚಿತ್ರ ಮುಗಿಸಿಕೊಂಡು ಹೋದರು. ಭಾಷೆ ಬಾರದ್ದರಿಂದ ಕೆಲಸ ನಿಂತಿತೆಂಬ ಮಾತು ಎಲ್ಲಿಯೂ ಕೇಳಿಬಂದಿಲ್ಲ.

ಆದರೆ ಅದೇ ಕೊಲ್ಲಾಪುರ, ಅದೇ ಜಿಲ್ಲೆಯ ಇಚಲಕರಂಜಿ, ಗಡಹಿಂಗ್ಲಜ, ಈ ಮೂರು ಊರುಗಳ ಕನ್ನಡ ಮನೆಗಳಲ್ಲಿ ಪ್ರತಿ ಜೂನ್ ತಿಂಗಳು ಒಂದು ಪ್ರಶ್ನೆ ಏಳುತ್ತದೆ. ಮಗುವನ್ನು ಯಾವ ಶಾಲೆಗೆ ಹಾಕಬೇಕು? ಕನ್ನಡವೋ, ಮರಾಠಿಯೋ, ಇಂಗ್ಲಿಷೋ? ಹಿಂದಿ ಎಷ್ಟು ಬೇಕು? ಈಚೆಗೆ ಅದರ ಬಾಲಕ್ಕೆ ಇನ್ನೊಂದು ಪ್ರಶ್ನೆಯೂ ಸೇರಿದೆ: ಜರ್ಮನ್ ಕಲಿತರೆ ಕೆಲಸ ಸಿಗುತ್ತದಂತೆ, ಹೌದೇ?

2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಸುಮಾರು 10 ಲಕ್ಷ ಜನ ಕನ್ನಡವನ್ನು ತಮ್ಮ ಮಾತೆಂದು ಬರೆಸಿದ್ದಾರೆ. ಅವರಲ್ಲಿ ಬಹುಪಾಲು ಸೊಲ್ಲಾಪುರ, ಸಾಂಗಲಿ, ಕೊಲ್ಲಾಪುರ ಜಿಲ್ಲೆಗಳ ಗಡಿ ತಾಲೂಕುಗಳವರು ಮತ್ತು ಮುಂಬಯಿ, ಪುಣೆಯವರು. ಕೊಲ್ಲಾಪುರ ಜಿಲ್ಲೆಯಲ್ಲಿ ಗಡಹಿಂಗ್ಲಜ ತಾಲೂಕಿನ ಮೂಡಣ ಹಳ್ಳಿಗಳು, ಶಿರೋಳ, ಹಾತಕಣಂಗಲೆ ಮತ್ತು ಕಾಗಲದ ಗಡಿಯ ಊರುಗಳು ಕನ್ನಡ ಕೇಳಿಸುವ ನೆಲ. ನೂಲ, ಹಲಕರ್ಣಿ, ಹೆಬ್ಬಾಳ, ತೇರಣಿ ಇಂಥ ಊರುಗಳಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ಹಿಂದಿ.

ಗಡಹಿಂಗ್ಲಜದ ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಕಾಲದಲ್ಲಿ ಹೋಗಿ ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಸಂಕೇಶ್ವರಿ ಜವಾರಿ ಮೆಣಸಿನಕಾಯಿಯ ಚೀಲ ಇಳಿಸುವ ರೈತ ಪಕ್ಕದವನನ್ನು “ದರಾ ಎಷ್ಟ ಆತೋ ಕಾಕಾ?” ಎಂದು ಕನ್ನಡದಲ್ಲಿ ಕೇಳುತ್ತಾನೆ. ಸವಾಲು ಮರಾಠಿಯಲ್ಲಿ ಕೂಗುತ್ತಾರೆ. ದೂರದಿಂದ ಬಂದ ಖರೀದಿದಾರ ಹಿಂದಿಯಲ್ಲಿ ಚೌಕಾಸಿ ಮಾಡುತ್ತಾನೆ. ರೈತ ಮೂವರಿಗೂ ಉತ್ತರ ಕೊಡುತ್ತಾನೆ, ಎಲ್ಲಿಯೂ ತಡವರಿಸುವುದಿಲ್ಲ. ಆಮೇಲೆ ಅಡತಿ ಅಂಗಡಿಯವನು ಮರಾಠಿಯಲ್ಲಿ ಪಟ್ಟಿ ಬರೆದು ಕೈಗೆ ಕೊಡುತ್ತಾನೆ. ಹಮಾಲಿ ಎಷ್ಟು, ತೋಲಾಯಿ ಎಷ್ಟು, ಅಡತ ಎಷ್ಟು ಮುರಿದುಕೊಂಡರು ಎಂಬುದೆಲ್ಲ ಅದರಲ್ಲಿದೆ. ಅಲ್ಲಿಗೆ ಬಂದಾಗ ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆಗೆ ಓದು ಬಿಟ್ಟ ರೈತ ಪಟ್ಟಿಯನ್ನು ಮಡಚಿ ಕಿಸೆಗಿಟ್ಟು, ಮನೆಗೆ ಹೋಗಿ ಮಗನ ಕೈಲಿ ಓದಿಸುತ್ತಾನೆ.

ಇಡೀ ಸಮಸ್ಯೆ ಈ ಪಟ್ಟಿಯಲ್ಲಿದೆ. ಗಡಿಯ ಕನ್ನಡಿಗನಿಗೆ ಮಾತಾಡುವ ಭಾಷೆಗಳ ಕೊರತೆ ಇಲ್ಲ. ಕೊರತೆ ಇರುವುದು ಓದಿ ಬರೆಯುವ ಭಾಷೆಗಳದ್ದು. ಮಾತನ್ನು ಓಣಿ ಕಲಿಸುತ್ತದೆ. ಅಕ್ಷರವನ್ನು ಯಾರಾದರೂ ಕೂತು ಕಲಿಸಬೇಕು.

ಮಾತು ಇಷ್ಟು ಸಲೀಸಾಗಿ ಬರುವುದೇಕೆ ಎಂಬುದಕ್ಕೆ ಇದೇ ಸೀಮೆಯ ಒಂದು ಹಳ್ಳಿ ಜಗತ್ತಿನ ಭಾಷಾಶಾಸ್ತ್ರಕ್ಕೆ ಉತ್ತರ ಕೊಟ್ಟಿದೆ. ಸಾಂಗಲಿ ಹತ್ತಿರದ ಕುಪವಾಡ ಈಗ ಮಹಾನಗರಪಾಲಿಕೆಯೊಳಗೆ ಸೇರಿದೆ. 1960ರ ದಶಕದಲ್ಲಿ ಅದು ಸುಮಾರು 3,000 ಜನರ ಹಳ್ಳಿ. ಅಮೆರಿಕದ ಜಾನ್ ಗುಂಪರ್ಜ್ ಅಲ್ಲಿ ಅಧ್ಯಯನ ಮಾಡಿ, ರಾಬರ್ಟ್ ವಿಲ್ಸನ್ ಜೊತೆ ಬರೆದ ಪ್ರಬಂಧ 1971ರಲ್ಲಿ ಅಚ್ಚಾಯಿತು. ಆ ಹಳ್ಳಿಯ ಜೈನರು ಮತ್ತು ಲಿಂಗಾಯತರ ಮನೆಮಾತು ಕನ್ನಡ, ಮುಸಲ್ಮಾನರದು ಉರ್ದು, ದಲಿತರದು ಮರಾಠಿ, ಹಗ್ಗ ಹೊಸೆಯುವ ಕೆಲವು ಮನೆಗಳದು ತೆಲುಗು. ಶತಮಾನಗಳ ಕಾಲ ಒಂದೇ ಹೊಲ, ಒಂದೇ ಸಂತೆಯಲ್ಲಿ ಬದುಕಿದ ಈ ಮಾತುಗಳ ವಾಕ್ಯರಚನೆ ಹೆಚ್ಚುಕಡಿಮೆ ಒಂದೇ ಆಗಿಬಿಟ್ಟಿತ್ತು. ಬರವಣಿಗೆಯ ಕನ್ನಡದಲ್ಲಿ ‘ಇದು ನಿಮ್ಮ ಮನೆ’ ಎಂದರೆ ವಾಕ್ಯ ಮುಗಿಯಿತು. ಮರಾಠಿಯಲ್ಲಿ ಕೊನೆಗೆ ‘ಆಹೆ’, ಉರ್ದುವಿನಲ್ಲಿ ‘ಹೈ’ ಬರಲೇಬೇಕು. ಕುಪವಾಡದ ಕನ್ನಡವೂ ಅವುಗಳ ಸಾಲಿಗೆ ನಿಂತು ಕೊನೆಗೊಂದು ‘ಐತಿ’ ಸೇರಿಸುತ್ತಿತ್ತು. ಒಂದು ಭಾಷೆಯ ವಾಕ್ಯದಲ್ಲಿ ಪದದ ಜಾಗಕ್ಕೆ ಪದ ಇಟ್ಟರೆ ಇನ್ನೊಂದು ಭಾಷೆಯ ವಾಕ್ಯ ತಯಾರು.

ಇನ್ನೊಂದು ಸಂಗತಿಯನ್ನೂ ಅವರು ಗುರುತಿಸಿದರು. ಬೇರೆ ಬೇರೆ ಜಾತಿಯವರು ಸೇರಿದಾಗ ಆಡುತ್ತಿದ್ದದ್ದು ಮರಾಠಿ. ಊರಿನ ಜಮೀನುದಾರ ಗುಂಪುಗಳ ಮನೆಮಾತು ಅದಾಗಿರಲಿಲ್ಲ. ಆದ್ದರಿಂದಲೇ ಅದನ್ನಾಡಿದರೆ ಯಾರೂ ಯಾರಿಗೂ ತಲೆಬಾಗಿದಂತೆ ಆಗುತ್ತಿರಲಿಲ್ಲ. ಮನೆಯಲ್ಲಿ ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಮಾತನ್ನು ಬಿಡದೆ ಉಳಿಸಿಕೊಂಡಿದ್ದರು.

ಹಾಗಾದರೆ ಮಹಾರಾಷ್ಟ್ರದ ಕನ್ನಡಿಗನಿಗೆ ಮೊದಲು ಬೇಕಾದ ಹೆಚ್ಚಿನ ಭಾಷೆ ಯಾವುದು? ಸುತ್ತಿ ಬಳಸಿ ಹೇಳುವುದು ಬೇಡ, ಅದು ಮರಾಠಿ. ಆಡುವ ಮರಾಠಿಯಲ್ಲ, ಓದಿ ಬರೆಯುವ ಮರಾಠಿ. ಹೊಲದ ಹಕ್ಕು 7/12 ಉತಾರೆಯಲ್ಲಿ ಇದೆ, ಅದು ಮರಾಠಿಯಲ್ಲಿದೆ. 8-ಅ ಎಂಬ ಖಾತೆ ಉತಾರೆ, ಫೇರಫಾರ ಎಂಬ ಹಕ್ಕು ಬದಲಾವಣೆಯ ದಾಖಲೆ ಎಲ್ಲವೂ ಮರಾಠಿಯಲ್ಲಿವೆ. ತಲಾಠಿ ಕಚೇರಿ, ಪೊಲೀಸ್ ಠಾಣೆ, ತಾಲೂಕಿನ ನ್ಯಾಯಾಲಯ, ಸಕ್ಕರೆ ಕಾರ್ಖಾನೆಯ ಬಿಲ್ಲು, ಪತಸಂಸ್ಥೆಯ ಸಾಲದ ಕಾಗದ, ಎಲ್ಲಿಯೂ ಸಹಿ ಹಾಕುವ ಮುನ್ನ ಓದಬೇಕಾದ್ದು ದೇವನಾಗರಿ ಅಕ್ಷರ. ಗಡಿಯ ಎರಡೂ ಕಡೆ ಜಮೀನಿರುವ ಮನೆಗಳೂ ಇವೆ. ಅವರು ಈಚೆ 7/12 ಓದಬೇಕು, ಆಚೆ ಹುಕ್ಕೇರಿ, ಚಿಕ್ಕೋಡಿ ಕಡೆ ಕನ್ನಡದ ಪಹಣಿ ಓದಬೇಕು. ಒಂದೇ ಲಿಪಿ ಬಲ್ಲವನು ಅರ್ಧ ಆಸ್ತಿಗೆ ಕುರುಡ.

ಕಾನೂನೂ ಇದನ್ನೇ ಹೇಳುತ್ತದೆ. 2020ರ ಕಾಯ್ದೆಯಂತೆ ಮಹಾರಾಷ್ಟ್ರದ ಯಾವುದೇ ಮಾಧ್ಯಮದ ಶಾಲೆಯಲ್ಲಿ 1ರಿಂದ 10ನೇ ತರಗತಿವರೆಗೆ ಮರಾಠಿ ಕಡ್ಡಾಯ. ಇನ್ನೊಂದು ಕಡೆ ಸಂವಿಧಾನದ 350-ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಲಭ್ಯ ಒದಗಿಸಬೇಕೆನ್ನುತ್ತದೆ. 1967ರಲ್ಲಿ ಹುಟ್ಟಿದ ಪುಣೆಯ ‘ಬಾಲಭಾರತಿ’, ಅಂದರೆ ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ, ಕನ್ನಡ ಮಾಧ್ಯಮಕ್ಕೂ ಪುಸ್ತಕ ಅಚ್ಚು ಹಾಕುತ್ತದೆ. ಕಾಗದದ ಮೇಲೆ ಎರಡೂ ಲಿಪಿಗೆ ದಾರಿ ಇದೆ. ಮನೆಯವರು ಒಂದನ್ನು ಆರಿಸಿ ಇನ್ನೊಂದನ್ನು ಕೈಬಿಡುವುದು ರೂಢಿಯಾಗಿದೆ.

ಈ ರೂಢಿ ಈ ನೆಲಕ್ಕೆ ಹಳೆಯದಲ್ಲ. ಕೊಲ್ಲಾಪುರದ ಶಿಲಾಹಾರರು ಹತ್ತನೇ ಶತಮಾನದಿಂದ ಹದಿಮೂರನೇ ಶತಮಾನದ ಮೊದಲ ಭಾಗದವರೆಗೆ ಆಳಿದರು. ಅವರ ಕಾಲದ ಅನೇಕ ಶಾಸನಗಳು ಕನ್ನಡದಲ್ಲಿವೆ. ದೊರೆ ವಿಜಯಾದಿತ್ಯನ ಮಂತ್ರಿ ಲಕ್ಷ್ಮನ ಆಶ್ರಯದಲ್ಲಿ ಕರ್ಣಪಾರ್ಯ ‘ನೇಮಿನಾಥಪುರಾಣ’ವನ್ನು ಕನ್ನಡದಲ್ಲಿ ಬರೆದ. ಅದೇ ವಂಶದ ಇಮ್ಮಡಿ ಭೋಜನ ಕಾಲದಲ್ಲಿ, 1205ರಲ್ಲಿ, ಗಡಹಿಂಗ್ಲಜದ ಪಕ್ಕದ ಆಜರಾ ಊರಿನಲ್ಲಿ ಸೋಮದೇವ ಸಂಸ್ಕೃತ ವ್ಯಾಕರಣದ ‘ಶಬ್ದಾರ್ಣವಚಂದ್ರಿಕೆ’ ಮುಗಿಸಿದ. ಒಂದೇ ಆಸ್ಥಾನ, ಎರಡು ಬರವಣಿಗೆಯ ಭಾಷೆ.

ಮರಾಠಿಯ ಅತಿ ಹೆಚ್ಚು ಪಾರಾಯಣವಾಗುವ ಗ್ರಂಥಗಳಲ್ಲೊಂದು ‘ಗುರುಚರಿತ್ರೆ’. ಪಂಚಗಂಗೆ ಕೃಷ್ಣೆಯನ್ನು ಸೇರುವ ನರಸೋಬವಾಡಿಗೆ ಹೋಗುವ ದತ್ತಭಕ್ತರಿಗೆ ಅದು ನಿತ್ಯದ ಓದು. ಅದನ್ನು ಬರೆದ ಸರಸ್ವತಿ ಗಂಗಾಧರ, ಮರಾಠಿ ತನಗೆ ಸರಿಯಾಗಿ ಬಾರದು ಎಂದು ಗ್ರಂಥದಲ್ಲಿಯೇ ಹೇಳಿಕೊಂಡಿದ್ದಾನೆ. ಅವನ ಮನೆಮಾತು ಕನ್ನಡವೆಂದು ವಿದ್ವಾಂಸರು ಗುರುತಿಸಿದ್ದಾರೆ. ಗ್ರಂಥದ ನಡುವೆ ಕನ್ನಡದ ಪದಗಳೂ ಬರುತ್ತವೆ, ಮರಾಠಿ ಮನೆಗಳಲ್ಲಿ ಇಂದಿಗೂ ಅವನ್ನು ಹಾಗೆಯೇ ಓದುತ್ತಾರೆ. ಕಲಿತ ಭಾಷೆಯಲ್ಲಿ ಬರೆದವನು ಮನೆಯ ಭಾಷೆಯನ್ನು ಹೊರಗೆ ನಿಲ್ಲಿಸಲಿಲ್ಲ.

ಇಪ್ಪತ್ತನೇ ಶತಮಾನಕ್ಕೆ ಬಂದರೆ ಕೊಲ್ಲಾಪುರದ ರಾಜಾರಾಮ ಕಾಲೇಜಿನ ಇಬ್ಬರು ಪ್ರಾಧ್ಯಾಪಕರು ನೆನಪಾಗುತ್ತಾರೆ. ಒಬ್ಬರು ಕನ್ನಡ ಕಲಿಸುತ್ತಿದ್ದ ಕೆ.ಜಿ. ಕುಂದಣಗಾರ. ಉತ್ತರ ಕರ್ನಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಇಂಗ್ಲಿಷ್ ಪುಸ್ತಕವಾಗಿ ಹೊರತಂದವರು. ಇನ್ನೊಬ್ಬರು ಆದಿನಾಥ ನೇಮಿನಾಥ ಉಪಾಧ್ಯೆ. ದೂಧಗಂಗೆಯ ದಂಡೆಯ ಸದಲಗಾದಲ್ಲಿ 1906ರಲ್ಲಿ ಹುಟ್ಟಿ, 1930ರಿಂದ ಮೂರು ದಶಕ ರಾಜಾರಾಮ ಕಾಲೇಜಿನಲ್ಲಿ ಅರ್ಧಮಾಗಧಿ ಕಲಿಸಿದರು. ಮನೆಯಲ್ಲಿ ಕನ್ನಡ, ಊರಿನಲ್ಲಿ ಮರಾಠಿ, ಪಾಠದಲ್ಲಿ ಪ್ರಾಕೃತ, ಜಗತ್ತಿನ ವಿದ್ವಾಂಸರೊಡನೆ ಇಂಗ್ಲಿಷ್. 1935ರಲ್ಲಿ ಅವರು ಸಂಪಾದಿಸಿದ ‘ಪ್ರವಚನಸಾರ’ದ ಇಂಗ್ಲಿಷ್ ಪ್ರಸ್ತಾವನೆ ಜೈನ ಅಧ್ಯಯನದಲ್ಲಿ ಇಂದಿಗೂ ಆಧಾರ. ಅವರು ಹಲವು ವರ್ಷ ದುಡಿದು ಸಂಪಾದಿಸಿದ ಇನ್ನೊಂದು ಪ್ರಾಕೃತ ಕೃತಿ ಎಂಟನೇ ಶತಮಾನದ ಉದ್ದ್ಯೋತನಸೂರಿಯ ‘ಕುವಲಯಮಾಲಾ’. ಅದರಲ್ಲೊಂದು ಪೇಟೆಯ ವರ್ಣನೆ ಬರುತ್ತದೆ: ನಾನಾ ದೇಶದ ವ್ಯಾಪಾರಿಗಳು ತಮ್ಮ ತಮ್ಮ ಮಾತಿನಲ್ಲಿ ಕೂಗಾಡುತ್ತಿದ್ದಾರೆ, ಅವರಲ್ಲಿ ಕರ್ಣಾಟದವರೂ ಇದ್ದಾರೆ, ಮರಹಟ್ಟರೂ ಇದ್ದಾರೆ. ಕೊಲ್ಲಾಪುರದ ಶಾಹುಪುರಿ ಬೆಲ್ಲದ ಪೇಟೆಯನ್ನು ಕಂಡಿದ್ದ ಸಂಪಾದಕರಿಗೆ ಆ ಪುಟ ಅಪರಿಚಿತವೆನಿಸಿರಲಾರದು.

ಕುಂದಣಗಾರರು 1961ರಲ್ಲಿ ಗದಗಿನ, ಉಪಾಧ್ಯೆಯವರು 1967ರಲ್ಲಿ ಶ್ರವಣಬೆಳಗೊಳದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮರಾಠಿ ಊರಿನ ಒಂದೇ ಕಾಲೇಜಿನಿಂದ ಇಬ್ಬರು! ನಾಲ್ಕೈದು ಭಾಷೆ ಕಲಿತರೆ ಕನ್ನಡ ಮರೆತುಹೋಗುತ್ತದೆ ಎಂದು ಹೆದರುವ ತಂದೆತಾಯಿಗಳು ಈ ಇಬ್ಬರ ಬದುಕನ್ನು ಓದಬೇಕು. ಹಲವು ಭಾಷೆ ಕಲಿತರೂ ಅವರ ಕನ್ನಡ ಕಳೆದುಹೋಗಲಿಲ್ಲ.

ಇಚಲಕರಂಜಿಯ ಕಥೆ ಬೇರೆ. 1904ರಲ್ಲಿ ವಿಠ್ಠಲರಾವ್ ದಾತಾರ ಅಲ್ಲಿ ಮೊದಲ ಯಂತ್ರಮಗ್ಗ ಹಾಕಿದರು. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲ ಇತ್ತು. ಇಂದು ಅಲ್ಲಿ ಓಣಿ ಓಣಿಯಲ್ಲಿ ಮಗ್ಗದ ಸದ್ದು. ಮಗ್ಗ ನಡೆಸುವವರಲ್ಲಿ ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳಿವೆ, ಉತ್ತರ ಪ್ರದೇಶ, ಬಿಹಾರ, ಒಡಿಶಾದಿಂದ ಬಂದವರಿದ್ದಾರೆ. ನೂಲು ಮತ್ತು ಬಟ್ಟೆಯ ವ್ಯಾಪಾರದಲ್ಲಿ ಮಾರವಾಡಿ, ಗುಜರಾತಿ ಪೇಢಿಗಳು. ತಮಿಳುನಾಡಿನ ಗಿರಣಿಗಳ ನೂಲೂ ಇಲ್ಲಿಗೆ ಬರುತ್ತದೆ. ಜಾಬರ್, ಕಾಂಡಿವಾಲಾ, ಸಾಯಿಜಿಂಗ್, ಬೀಮ್ ಎಂಬ ಮಾತುಗಳು ಯಾರ ಭಾಷೆಯವೂ ಅಲ್ಲ, ಎಲ್ಲರವೂ ಹೌದು. ಮಗ್ಗದ ಗದ್ದಲದಲ್ಲಿ ಅರ್ಧ ಮಾತು ಕೈಸನ್ನೆಯಲ್ಲೇ ಮುಗಿಯುತ್ತದೆ.

ಅಲ್ಲಿ ಹಿಂದಿಯನ್ನು ಯಾರೂ ಶಾಲೆಯಲ್ಲಿ ಕಲಿತು ಬರುವುದಿಲ್ಲ. ಎರಡು ಮಗ್ಗದ ನಡುವೆ ನಿಂತು ಕಲಿಯುತ್ತಾರೆ. ಮರಾಠಿ ಓದಬಲ್ಲವನಿಗೆ ಹಿಂದಿಯ ಅಕ್ಷರ ಆಗಲೇ ಕೈವಶ. ಎರಡಕ್ಕೂ ಲಿಪಿ ಒಂದೇ. ಆದ್ದರಿಂದ ಅದಕ್ಕಾಗಿ ಪ್ರತ್ಯೇಕ ದುಡ್ಡು, ಪ್ರತ್ಯೇಕ ವರ್ಷ ಕಳೆಯಬೇಕಾಗಿಲ್ಲ. ಮಹಾರಾಷ್ಟ್ರ ಸರ್ಕಾರ 2025ರ ಏಪ್ರಿಲ್‌ನಲ್ಲಿ ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆ ಮಾಡಹೊರಟು, ದೊಡ್ಡ ಗಲಾಟೆಯಾಗಿ, ಜೂನ್ 29ರಂದು ಆದೇಶ ಹಿಂದಕ್ಕೆ ಪಡೆಯಿತು. ಗಡಿಯ ಕನ್ನಡ ಮಗುವಿನ ಲೆಕ್ಕದಲ್ಲಿ ಅದು ಮೂರನೆಯದಲ್ಲ, ನಾಲ್ಕನೆಯದು: ಕನ್ನಡ, ಮರಾಠಿ, ಇಂಗ್ಲಿಷ್ ಆದಮೇಲೆ ಬರುವಂಥದ್ದು. ಆರು ವರ್ಷದ ಮಗುವಿನ ಮೇಲೆ ಮೂರು ಲಿಪಿ ಒಟ್ಟಿಗೆ ಹೇರಿದರೆ ಯಾವುದೂ ಗಟ್ಟಿಯಾಗುವುದಿಲ್ಲ ಎಂಬುದು ಯಾವ ಪ್ರಾಥಮಿಕ ಶಿಕ್ಷಕರಿಗೂ ಗೊತ್ತು. ಒಂದು ಲಿಪಿ ಕೂತ ಮೇಲೆ ಇನ್ನೊಂದು ಬೇಗ ಬರುತ್ತದೆ.

ಮಗ್ಗದ ಕಾರ್ಮಿಕನಿಗೆ ಹಿಂದಿ ಸಾಕು. ಅವನ ಮಗಳಿಗೆ ಸಾಲದು. ಸಾದಾ ಮಗ್ಗಗಳ ಜಾಗಕ್ಕೆ ಲಾಳಿಯಿಲ್ಲದ ಮಗ್ಗಗಳು ಬರುತ್ತಿವೆ. ಜಪಾನಿನ ಟೊಯೋಟಾ, ತ್ಸುದಾಕೋಮಾ, ಬೆಲ್ಜಿಯಂನ ಪಿಕಾನೋಲ್ ಇಂಥ ಕಂಪನಿಗಳ ಯಂತ್ರಗಳಿವು. ಇವುಗಳ ಕೈಪಿಡಿ ಇಂಗ್ಲಿಷಿನಲ್ಲಿದೆ, ದೋಷ ತೋರಿಸುವ ಪರದೆ ಇಂಗ್ಲಿಷಿನಲ್ಲಿದೆ, ಜಿಎಸ್‌ಟಿ ಲೆಕ್ಕ ಇಂಗ್ಲಿಷಿನಲ್ಲಿದೆ. 1982ರಲ್ಲಿ ಶುರುವಾದ ಇಚಲಕರಂಜಿಯ ಡಿಕೆಟಿಇ ಜವಳಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಭಾಷೆಯೂ ಅದೇ. ಕೊಲ್ಲಾಪುರದಲ್ಲಿ 2025ರ ಆಗಸ್ಟ್ 18ರಿಂದ ಮುಂಬಯಿ ಹೈಕೋರ್ಟಿನ ಸಂಚಾರಿ ಪೀಠ ಕೆಲಸ ಶುರು ಮಾಡಿದೆ. ಮೊದಲು ಮುಂಬಯಿಗೆ ಓಡಬೇಕಾಗಿದ್ದ ಆರು ಜಿಲ್ಲೆಗಳ ಕಕ್ಷಿದಾರರಿಗೆ ಅದರಿಂದ ಹತ್ತಿರವಾಯಿತು. ಅಲ್ಲಿನ ಕಲಾಪ ಇಂಗ್ಲಿಷ್, ಕೆಳಗಿನಿಂದ ಬರುವ ದಾಖಲೆ ಮರಾಠಿ, ಸೊಲ್ಲಾಪುರ, ಸಾಂಗಲಿಯ ಕೆಲವು ಹಳೆಯ ಪತ್ರಗಳು ಕನ್ನಡ. ಮೂರನ್ನೂ ಓದಿ ತರ್ಜುಮೆ ಮಾಡಬಲ್ಲ ಹುಡುಗ ಹುಡುಗಿಯರಿಗೆ ವಕೀಲರ ಕಚೇರಿಯಲ್ಲಿ ಕ್ಯಾಮೆ ಇದೆ.

ಇನ್ನು ದೂರದ ಭಾಷೆಗಳು. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದು ಎರಡು ರಾಜ್ಯಗಳ ಎಂಟು ಜಿಲ್ಲೆಗಳಿಗೆ ಸೇರಿದ್ದು: ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಅಥಣಿ, ನಿಪ್ಪಾಣಿ ಕಡೆಯ ಕನ್ನಡ ಕುಶಲಕರ್ಮಿ ಹೊಲಿದ ಜೋಡು ಕೊಲ್ಲಾಪುರದ ಅಂಗಡಿಯಲ್ಲಿ ಮಾರಾಟವಾಗುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಚಪ್ಪಲಿ ತೋರಿಸಿದಾಗ ಎರಡೂ ಕಡೆ ಸುದ್ದಿಯಾಯಿತು. ಟೀಕೆ ಬಂದ ಮೇಲೆ ಕಂಪನಿ ಭಾರತದ ಸಾಂಪ್ರದಾಯಿಕ ಚಪ್ಪಲಿಯಿಂದ ಪ್ರೇರಣೆ ಪಡೆದದ್ದನ್ನು ಒಪ್ಪಿಕೊಂಡಿತು. ಹಾಗೆಂದು ಚಪ್ಪಲಿ ಹೊಲಿಯುವವನು ಇಟಾಲಿಯನ್ ಕಲಿಯಬೇಕೆ? ಬೇಡ. ಅವನ ಸಂಘದಲ್ಲಿ ಯಾರಾದರೊಬ್ಬರು ಇಂಗ್ಲಿಷ್ ಕರಾರುಪತ್ರವನ್ನು ಸಾಲು ಸಾಲಾಗಿ ಓದಿ, ಮರಾಠಿ ಮತ್ತು ಕನ್ನಡದಲ್ಲಿ ಉಳಿದವರಿಗೆ ತಿಳಿಸುವಂತಿರಬೇಕು.

ಜರ್ಮನ್ ಮಾತು ಬೇರೆ. 2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದೊಡನೆ ಒಪ್ಪಂದ ಮಾಡಿಕೊಂಡಿತು. ದಾದಿಯರು, ಚಾಲಕರು, ವಿದ್ಯುತ್ ಕೆಲಸದವರು ಮುಂತಾಗಿ 10,000 ಕುಶಲ ಕೆಲಸಗಾರರನ್ನು ಕಳಿಸುವ ಯೋಜನೆ. ಕೊಲ್ಲಾಪುರದ ಶಿರೋಲಿ, ಗೋಕುಲ ಶಿರಗಾಂವ, ಕಾಗಲ ಎಂಐಡಿಸಿ ಕೈಗಾರಿಕಾ ಪ್ರದೇಶಗಳಲ್ಲಿ ಎರಕದ ಕಾರ್ಖಾನೆಗಳ ಸಾಲೇ ಇದೆ. ಅಲ್ಲಿ ಫಿಟ್ಟರ್, ವೆಲ್ಡರ್ ಕೆಲಸ ಕಲಿತ ಐಟಿಐ ಹುಡುಗರಿಗೆ, ನರ್ಸಿಂಗ್ ಓದಿದ ಹುಡುಗಿಯರಿಗೆ ಜರ್ಮನ್ ಉಪಯೋಗಕ್ಕೆ ಬರಬಹುದು. ಆದರೆ ಅದು ಓಣಿಯಲ್ಲಿ ಕಲಿಯುವ ಭಾಷೆಯಲ್ಲ. ಎ1ರಿಂದ ಸಿ2ವರೆಗೆ ಆರು ಹಂತಗಳು, ಪ್ರತಿ ಹಂತಕ್ಕೂ ಕೇಳುವ, ಓದುವ, ಬರೆಯುವ, ಮಾತಾಡುವ ಪರೀಕ್ಷೆ. ದಾದಿ ಕೆಲಸಕ್ಕೆ ಸಾಮಾನ್ಯವಾಗಿ ನಾಲ್ಕನೇ ಹಂತವಾದ ಬಿ2 ಕೇಳುತ್ತಾರೆ. ಯಾವ ಕೆಲಸಕ್ಕೆ ಹೋಗುವುದೆಂದು ಗೊತ್ತಾಗದೆ ಸುಮ್ಮನೆ ಎ1 ಮುಗಿಸಿ ಪ್ರಮಾಣಪತ್ರ ಗೋಡೆಗೆ ತೂಗಿದರೆ ಫೀಸು ಹೋದದ್ದೇ ಲಾಭ.

ಸಣ್ಣ ಸಮುದಾಯಗಳು ಹೊರಗಿನ ಭಾಷೆಗಳೊಡನೆ ಹೇಗೆ ಬಾಳಿದವು ಎಂಬುದಕ್ಕೆ ಅರ್ಮೇನಿಯನ್ನರು ಒಳ್ಳೆಯ ನಿದರ್ಶನ. ಅವರ ದೇಶದಲ್ಲಿರುವವರು ಸುಮಾರು 30 ಲಕ್ಷ, ಹೊರಗೆ ಚದುರಿದವರು ಅದಕ್ಕಿಂತ ಹೆಚ್ಚು. ಹದಿನೇಳನೇ ಶತಮಾನದಲ್ಲಿ ಇರಾನಿನ ಇಸ್ಫಹಾನ್ ಪಕ್ಕದ ಹೊಸ ಜುಲ್ಫಾದಿಂದ ಹೊರಟ ಅವರ ವ್ಯಾಪಾರಿಗಳು ಸೂರತ್, ಆಗ್ರಾ, ಮದರಾಸು ಎಲ್ಲೆಡೆ ಇದ್ದರು. ಹೊವಾನ್ನೆಸ್ ಎಂಬ ವ್ಯಾಪಾರಿ 1680ರ ದಶಕದಲ್ಲಿ ಸೂರತ್‌ನಿಂದ ಟಿಬೆಟ್ಟಿನ ಲ್ಹಾಸಾವರೆಗೆ ಹೋಗಿ ವರ್ಷಗಟ್ಟಲೆ ವ್ಯಾಪಾರ ಮಾಡಿದ. ದಾರಿಯುದ್ದಕ್ಕೂ ಹತ್ತು ಜನರ ಭಾಷೆಯಲ್ಲಿ ವ್ಯವಹಾರ, ಲೆಕ್ಕದ ಪುಸ್ತಕ ಮಾತ್ರ ಅರ್ಮೇನಿಯನ್‌ನಲ್ಲಿ. ಆ ಪುಸ್ತಕ ಇಂದಿಗೂ ಉಳಿದಿದೆ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ ಅಚ್ಚಾದದ್ದು ಅರ್ಮೇನಿಯಾದಲ್ಲಲ್ಲ, 1794ರಲ್ಲಿ ನಮ್ಮ ಮದರಾಸಿನಲ್ಲಿ. ಫಾರ್ಸಿ, ರಷ್ಯನ್, ಅರಬ್ಬಿ, ಇಂಗ್ಲಿಷ್ ಇವುಗಳಲ್ಲಿ ಯಾವುದನ್ನು ಕಲಿಯುವುದೆಂಬುದು ಇರುವ ಊರಿನ ಮೇಲೆ ನಿಂತಿತ್ತು. ಸ್ವಂತ ಲಿಪಿ ಎಲ್ಲ ಊರಿನಲ್ಲೂ ಜೊತೆಗಿತ್ತು.

ಕೊಲ್ಲಾಪುರ ಸೀಮೆಯಲ್ಲಿ ಇನ್ನೊಂದು ಲಿಪಿಗೂ ಬೆಲೆ ಬಂದಿದೆ. ಸಂಸ್ಥಾನದ ಕಾಲದ ದಫ್ತರುಗಳು ಮರಾಠಿಯ ಮೋಡಿ ಅಕ್ಷರದಲ್ಲಿವೆ. ಹಿಂದಿನ ಮುಂಬಯಿ ಕರ್ನಾಟಕದ ಹಳೆಯ ಜಮೀನು ಕಾಗದಗಳಲ್ಲೂ ಮೋಡಿ ಸಿಗುತ್ತದೆ. 2023ರಲ್ಲಿ ಕುಣಬಿ ಜಾತಿಯ ಹಳೆಯ ನೋಂದಣಿಗಳನ್ನು ಹುಡುಕಲು ನ್ಯಾಯಮೂರ್ತಿ ಸಂದೀಪ ಶಿಂದೆ ಸಮಿತಿ ನೇಮಕವಾದಾಗ ಮಹಾರಾಷ್ಟ್ರದ ತಾಲೂಕು ತಾಲೂಕಿನಲ್ಲಿ ಮೋಡಿ ಓದುವವರಿಗಾಗಿ ಹುಡುಕಾಟ ನಡೆಯಿತು. ಮರಾಠಿ ಚೆನ್ನಾಗಿ ಬಲ್ಲವನು ಮೋಡಿ ಕಲಿತರೆ ಹೊಸ ಭಾಷೆಯ ಖರ್ಚಿಲ್ಲದೆ ಹೊಸ ಕಸುಬು ಕೈಗೆ ಬರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಉಳಿದದ್ದು ಕನ್ನಡ. ಇಚಲಕರಂಜಿಯಲ್ಲಿ ಮರಾಠಿ ಇಲ್ಲವೆ ಇಂಗ್ಲಿಷ್ ಶಾಲೆಗೆ ಹೋಗುವ ಕನ್ನಡ ಮಗುವಿಗೆ ಅಜ್ಜಿಯೊಡನೆ ಮಾತಾಡಲು ಬರುತ್ತದೆ, ಅಜ್ಜಿ ಓದುವ ಪುಸ್ತಕ ಓದಲು ಬರುವುದಿಲ್ಲ. ಆ ಮಗುವಿನ ಪಾಲಿಗೆ ಕಲಿಯಬೇಕಾದ ಹೆಚ್ಚಿನ ಭಾಷೆ ತನ್ನ ಮನೆಮಾತೇ ಆಗಿದೆ. ಇದು ಬರೀ ಅಭಿಮಾನದ ಮಾತಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಪ್ರವೇಶದಲ್ಲಿ ಗಡಿನಾಡ ಕನ್ನಡಿಗರಿಗೆ ಒಂದು ದಾರಿ ಇದೆ. ಮಹಾರಾಷ್ಟ್ರದಲ್ಲಿ ಅದಕ್ಕೆ ಗುರುತಿಸಿದ ತಾಲೂಕುಗಳು ನಾಲ್ಕು: ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ. ಮನೆಮಾತು ಕನ್ನಡ, ತುಳು ಇಲ್ಲವೆ ಕೊಡವ ಆಗಿರಬೇಕು. ಜೊತೆಗೆ ಕನ್ನಡ ಭಾಷಾ ಪರೀಕ್ಷೆ ಬರೆದು ಪಾಸಾಗಬೇಕು. ಅಲ್ಲಿ “ನಮ್ಮ ಮನ್ಯಾಗ ಕನ್ನಡಾನ ಮಾತಾಡ್ತೀವ್ರಿ” ಎಂದರೆ ನಡೆಯುವುದಿಲ್ಲ, ಪೆನ್ನು ಹಿಡಿದು ಬರೆಯಬೇಕು. ನೂಲ, ಹಲಕರ್ಣಿ ಕಡೆಯ ಬುದ್ಧಿವಂತ ಹುಡುಗಿ ಅಕ್ಷರ ಬಾರದ್ದರಿಂದ ಆ ಸೀಟು ಕಳೆದುಕೊಳ್ಳಬಾರದು.

ಕಿವಿಯಿಂದಲೇ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ, ಇಲ್ಲವೆಂದಲ್ಲ. ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನಸೂರರು ಕೊಲ್ಲಾಪುರದ ಗುರು ಭುರ್ಜಿಖಾನರಿಂದ ಚೀಜುಗಳನ್ನು ಬಾಯಿಪಾಠವಾಗಿ ಪಡೆದರು, ಆಮೇಲೆ ಅದೇ ಕಂಠದಲ್ಲಿ ವಚನಗಳನ್ನೂ ಹಾಡಿದರು. ಬೆಳಗಾವಿಯಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಉಮಾ ಕುಲಕರ್ಣಿಯವರು ಭೈರಪ್ಪನವರ ಕಾದಂಬರಿಗಳನ್ನು ಮರಾಠಿಗೆ ತಂದದ್ದು ಪತಿ ವಿರೂಪಾಕ್ಷ ಕುಲಕರ್ಣಿಯವರು ಗಟ್ಟಿಯಾಗಿ ಓದಿದ ಕನ್ನಡವನ್ನು ಕೇಳಿ ಕೇಳಿ. ‘ವಂಶವೃಕ್ಷ’ದ ಆ ಮರಾಠಿ ಅನುವಾದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯೂ ಬಂತು. ಆದರೆ ಮನಸೂರರಿಗೆ ಗುರು ಎದುರಿಗಿದ್ದರು, ಉಮಾ ಅವರ ಮನೆಯಲ್ಲೇ ಓದಿ ಹೇಳುವವರಿದ್ದರು. ತಲಾಠಿ ಕಚೇರಿಯಲ್ಲಿ ಸಾಲುಗಟ್ಟಿ ನಿಂತವನಿಗೆ ಓದಿ ಹೇಳುವವನು ಸಿಕ್ಕರೂ ಅದಕ್ಕೆ ದುಡ್ಡು ಕೇಳುತ್ತಾನೆ.

ಆದ್ದರಿಂದ ಮನೆಯ ಲೆಕ್ಕ ಹೀಗೆ ಹಾಕಬಹುದು. ಗಡಹಿಂಗ್ಲಜದ ಹಳ್ಳಿಯಲ್ಲಿ ಕನ್ನಡ ಶಾಲೆ ಇದ್ದರೆ ಮಗು ಅಲ್ಲಿಯೇ ಅಕ್ಷರ ಕಲಿಯಲಿ, ಮರಾಠಿ ಓದು ಜೊತೆಯಲ್ಲೇ ಬಲವಾಗಲಿ, ಐದನೆಯ ತರಗತಿಯಿಂದ ಇಂಗ್ಲಿಷಿಗೆ ಹೆಚ್ಚು ಹೊತ್ತು ಕೊಡಲಿ. ಇಚಲಕರಂಜಿಯ ಮಗು ಮರಾಠಿ ಶಾಲೆಗೆ ಹೋದರೆ, ಮೂರನೇ ತರಗತಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಕನ್ನಡ ಅಕ್ಷರ ಹಿಡಿಸಬೇಕು. ಹಿಂದಿಯ ಚಿಂತೆ ಬೇಡ. ಕೊಲ್ಲಾಪುರ ಪಟ್ಟಣದಲ್ಲಿ ಇಂಗ್ಲಿಷ್ ಮಾಧ್ಯಮ ಹಿಡಿದ ಮನೆಗಳಿಗೆ ಮರಾಠಿ, ಕನ್ನಡ ಎರಡರ ಬರವಣಿಗೆಯೂ ಮನೆಗೆಲಸವೇ. ಜರ್ಮನ್, ಜಪಾನಿ ಇತ್ಯಾದಿ ಹನ್ನೆರಡನೆಯ ತರಗತಿಯ ಆಚೆ, ಕಸುಬು ಗೊತ್ತಾದ ಮೇಲೆ.

ಕಲಿಸಲು ಪುಸ್ತಕ ಎಲ್ಲಿ ಎಂದು ಕೇಳುವವರಿಗೆ ಉತ್ತರ ಬಾಲಭಾರತಿಯ ಜಾಲತಾಣದಲ್ಲಿದೆ. ಅದರ ಗಣಿತ, ವಿಜ್ಞಾನ, ಪರಿಸರ ಪಾಠದ ಪುಸ್ತಕಗಳು ಎಲ್ಲ ಮಾಧ್ಯಮಕ್ಕೂ ಒಂದೇ. ಮರಾಠಿಯಲ್ಲಿರುವ ಪಾಠವೇ ಕನ್ನಡದಲ್ಲಿ, ಅದೇ ಚಿತ್ರ, ಅದೇ ಕ್ರಮ. ಎರಡನ್ನೂ ಪುಕ್ಕಟೆಯಾಗಿ ಇಳಿಸಿಕೊಂಡು ಪಕ್ಕ ಪಕ್ಕ ಇಟ್ಟರೆ, ಒಂದು ಲಿಪಿ ಬಲ್ಲವನು ಇನ್ನೊಂದನ್ನು ತಾನೇ ಬಿಡಿಸಿಕೊಳ್ಳಬಲ್ಲ. ವಾಕ್ಯ ಹೇಗಿರುತ್ತದೆಂಬುದು ಈ ಸೀಮೆಯವನಿಗೆ ಹುಟ್ಟಿನಿಂದಲೇ ಗೊತ್ತು. ಮೂರನೇ ತರಗತಿಯ ಪರಿಸರ ಪಾಠದಿಂದ ಶುರು ಮಾಡುವುದು ಸುಲಭ. ದಿನಕ್ಕೊಂದು ಪುಟ ಸಾಕು, ದೊಡ್ಡವರೂ ಮಕ್ಕಳ ಜೊತೆ ಕೂರಬಹುದು.